ಮಗ ನಿಲ್ಲಿಸಿದ ಗುಳಿಗೆ: ಟಾಮೋಕ್ಸಿಫೆನ್, ಜಿಪಿಇಆರ್ ಮತ್ತು ಬೆಟಗೇರಿಯ ಒಂದು ಪ್ರಕರಣ

ನಾನು ಹುಬ್ಬಳ್ಳಿಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಹಿಳೆಯರ ಫಾಲೋಅಪ್ ನೋಡುವ ವೈದ್ಯೆ. ಕಾಯಿಲೆ ಮರಳದಿರಲಿ ಅಂತ ವರ್ಷಗಟ್ಟಲೆ ನುಂಗಬೇಕಾದ ಟಾಮೋಕ್ಸಿಫೆನ್ ಗುಳಿಗೆಯನ್ನು ಅರ್ಧಕ್ಕೆ ಬಿಟ್ಟವರು ನಮಗೆ ಹೊಸಬರಲ್ಲ. ಯಾರೋ ಬೇರು ಕೊಟ್ಟರು ಅಂತ ಬಿಡುತ್ತಾರೆ. ಮೆಣಸಿನಕಾಯಿ ಬಿಡಿಸುವ ಹೊತ್ತಿನಲ್ಲಿ ಊರಿಂದ ಬರಲಾಗದೆ ಬಿಡುತ್ತಾರೆ. "ಈಗ ಆರಾಮ ಅದೀನ್ರಿ, ಇನ್ನ ಯಾಕ ಬೇಕು" ಅಂತ ಬಿಡುತ್ತಾರೆ. ಈ ಪ್ರಕರಣ ಹಾಗಲ್ಲ. ಇಲ್ಲಿ ಗುಳಿಗೆ ನಿಂತದ್ದು ಒಂದು ನಿಜವಾದ ವೈಜ್ಞಾನಿಕ ಸಂಗತಿಯ ಹೆಸರಿನಲ್ಲಿ. ನಿಲ್ಲಿಸಿದವನು ಮನೆಯ ಮಗ. ಚೆನ್ನಾಗಿ ಓದಿದವನು, ತಾಯಿ ಅಂದರೆ ಜೀವ. ಅವನು ಓದಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಇಬ್ಬರ ಒಪ್ಪಿಗೆ ಪಡೆದಿದ್ದೇನೆ. ವಯಸ್ಸು, ಓಣಿ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ತಾಯಿಯನ್ನು ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಅಕ್ಕ ಗದಗ-ಬೆಟಗೇರಿಯ ನೇಕಾರ ಮನೆಯವರು. ಕಾಯಿಲೆ ಗೊತ್ತಾದಾಗ 46 ವರ್ಷ. ಎಡ ಸ್ತನದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಗಂಟು, ಕಂಕುಳಿನ ಒಂದು ಗ್ರಂಥಿಗೆ ಹರಡಿತ್ತು. ವರದಿಯಲ್ಲಿ ಇಆರ್ ಪಾಸಿಟಿವ್, ಪಿಆರ್ (ಪ್ರೊಜೆಸ್ಟರಾನ್ ಹಾರ್ಮೋನಿನ ರಿಸೆಪ್ಟರ್) ಪಾಸಿಟಿವ್, ಹರ್2 (ಕೋಶ ಬೆಳೆಸುವ ಇನ್ನೊಂದು ಪ್ರೋಟೀನ್) ನೆಗೆಟಿವ್. ಆಪರೇಷನ್, ಕೀಮೋ, ರೇಡಿಯೇಶನ್ ಮುಗಿದವು. ಕೀಮೋ ನಡುವೆಯೇ ಮುಟ್ಟು ನಿಂತಿತು. ಆಮೇಲೆ ದಿನಕ್ಕೆ 20 ಮಿಲಿಗ್ರಾಂ ಟಾಮೋಕ್ಸಿಫೆನ್ ಶುರು ಮಾಡಿದೆವು.

ಇಆರ್ ಪಾಸಿಟಿವ್ ಅಂದರೆ ಆ ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೋಜನ್ ರಿಸೆಪ್ಟರ್, ಅಂದರೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಬಂದು ಅಂಟುವ ಪ್ರೋಟೀನ್ ಇದೆ, ಈಸ್ಟ್ರೋಜನ್ ಸಿಕ್ಕರೆ ಅವು ಬೆಳೆಯುತ್ತವೆ ಅಂತ. ಟಾಮೋಕ್ಸಿಫೆನ್ ಆ ರಿಸೆಪ್ಟರ್‌ನ ಮೇಲೆ ತಾನು ಕೂತು ಈಸ್ಟ್ರೋಜನ್‌ಗೆ ಜಾಗ ಬಿಡುವುದಿಲ್ಲ. 1962ರಲ್ಲಿ ಇಂಗ್ಲೆಂಡಿನ ಲ್ಯಾಬ್ ಒಂದರಲ್ಲಿ ತಯಾರಾದ ಔಷಧಿ ಇದು, ಆಗ ಹುಡುಕುತ್ತಿದ್ದದ್ದು ಗರ್ಭನಿರೋಧಕವನ್ನು. ಈಗ ಹಳೆಯದು, ಅಗ್ಗ, ಎಲ್ಲ ಕಡೆ ಸಿಗುತ್ತದೆ. ನಮ್ಮ ಭಾಗದ ಎಷ್ಟೋ ಮನೆಗಳು ಇದರ ಮೇಲೆ ನಿಂತಿವೆ.

ಮಗ ಧಾರವಾಡದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಓದುತ್ತಿದ್ದ. ವಾರದ ಕೊನೆಗೆ ಊರಿಗೆ ಹೋಗಿ ತಾಯಿಯ ಫೈಲು ತಾನೇ ಜೋಡಿಸಿಡುವ ಹುಡುಗ. ನಮ್ಮಲ್ಲಿಗೆ ಬರುವ ಫೈಲುಗಳಲ್ಲಿ ಅಷ್ಟು ಅಚ್ಚುಕಟ್ಟಾದವು ಕಡಿಮೆ.

ಸಮಸ್ಯೆ ಗೊತ್ತಾದದ್ದು

ಎರಡನೇ ವರ್ಷದ ಒಂದು ಭೇಟಿ. ಅಲ್ಲಿಯವರೆಗೆ ಅಕ್ಕ ಬಂದಾಗಲೆಲ್ಲ ಮೊದಲ ಮಾತು ಒಂದೇ: "ಮೈಯೆಲ್ಲಾ ಬೆಂಕಿ ಆಗತೈತ್ರಿ." ರಾತ್ರಿ ಬೆವರಿ ಸೀರೆ ಬದಲಿಸಬೇಕಾಗುತ್ತಿತ್ತು. ಈ ಸಲ ಆ ಮಾತೇ ಇಲ್ಲ. ಮುಖ ಅರಳಿತ್ತು. ಕೇಳಿದರೆ, "ಈಗ ಚಲೋ ನಿದ್ದಿ ಬರತೈತ್ರಿ" ಅಂದರು.

ನನಗೆ ಸಂತೋಷಕ್ಕಿಂತ ಅನುಮಾನ ಜಾಸ್ತಿ ಆಯಿತು. ಟಾಮೋಕ್ಸಿಫೆನ್ ತಗೊಳ್ಳುವವರಲ್ಲಿ ಈ ಬಿಸಿ ಕಾಲಕ್ರಮೇಣ ಇಳಿಯಬಹುದು, ಆದರೆ ಇಷ್ಟು ಪೂರ್ತಿ ನಿಲ್ಲುವುದು ಅಪರೂಪ. ಗುಳಿಗೆಯ ಪಟ್ಟಿ ತೋರಿಸಿ ಅಂದೆ. ಚೀಲದ ಒಳಗಿನ ಜಿಪ್‌ನಿಂದ ತೆಗೆದರು. ಮಡಚಿ ಮಡಚಿ ಬೆಳ್ಳಿ ಕಾಗದ ಬಿಳಿಚಿತ್ತು, ಜೊತೆಗಿದ್ದ ಅಂಗಡಿ ಚೀಟಿ ತಿಂಗಳುಗಳ ಹಿಂದಿನದು. ಆಮೇಲೆ ನಿಧಾನಕ್ಕೆ ಹೇಳಿದರು: "ಮಗ ಬ್ಯಾಡ ಅಂದಾನ್ರಿ. ಆ ಗುಳಿಗಿನ ಕ್ಯಾನ್ಸರ್ ಬೆಳಸ್ತೈತಂತ."

ಜೊತೆಗೆ ಇನ್ನೊಂದು ಸುದ್ದಿ. ಮನೆಯಲ್ಲಿ ಅಗಸಿ ಹಿಂಡಿ ಬಂದ್ ಆಗಿತ್ತು. ರೊಟ್ಟಿ ಜೊತೆ ದಿನಾ ತಿನ್ನುತ್ತಿದ್ದ ಹಿಂಡಿಯಲ್ಲೂ ಈಸ್ಟ್ರೋಜನ್ ತರಹದ ವಸ್ತು ಇದೆ ಅಂತ ಮಗ ಡಬ್ಬಿ ಎತ್ತಿ ಅಟ್ಟಕ್ಕಿಟ್ಟಿದ್ದ.

ಮಗ ಓದಿದ್ದು ಏನು

ಅವನ ಸೆಮಿನಾರ್ ವಿಷಯ ಜಿಪಿಇಆರ್. ಜೀವಕೋಶದ ಪೊರೆಯಲ್ಲಿ ಕೂರುವ ಈಸ್ಟ್ರೋಜನ್ ರಿಸೆಪ್ಟರ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲದಿದ್ದರೆ ಹುಡುಗನ ತೀರ್ಮಾನ ಸುಮ್ನೆ ಹುಚ್ಚಾಟದ ಹಾಗೆ ಕಾಣುತ್ತದೆ. ಅದು ಹುಚ್ಚಾಟ ಆಗಿರಲಿಲ್ಲ.

ನಾವು ಸಾಮಾನ್ಯವಾಗಿ ಈಸ್ಟ್ರೋಜನ್ ರಿಸೆಪ್ಟರ್ ಅನ್ನುವುದು ಎರಡಕ್ಕೆ. ಆಲ್ಫಾ, ಇದರ ದಾರಿ ತೆರೆದದ್ದು 1950ರ ದಶಕದ ಕೊನೆಯಲ್ಲಿ ಎಲ್ವುಡ್ ಜೆನ್ಸನ್ ಮಾಡಿದ ಪ್ರಯೋಗಗಳು. ಬೀಟಾ, 1996ರಲ್ಲಿ ಸಿಕ್ಕಿದ್ದು. ಎರಡೂ ಮುಖ್ಯವಾಗಿ ನ್ಯೂಕ್ಲಿಯಸ್‌ನಲ್ಲಿ ಕೆಲಸ ಮಾಡುತ್ತವೆ. ಈಸ್ಟ್ರೋಜನ್ ಸೇರಿದಾಗ ಡಿಎನ್ಎ ಮೇಲೆ ಕೂತು ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅಂತ ನಿರ್ಧರಿಸುತ್ತವೆ. ಅದರ ಫಲ ಕಾಣಲು ಗಂಟೆಗಳು ಬೇಕು. ಆದರೆ 1967ರಲ್ಲೇ ಕ್ಲಾರಾ ಸೆಗೊ ಮತ್ತು ಅವರ ಸಹೋದ್ಯೋಗಿ ಇಲಿಯ ಗರ್ಭಕೋಶದಲ್ಲಿ ಬೇರೆಯದನ್ನೇ ಕಂಡಿದ್ದರು. ಈಸ್ಟ್ರೋಜನ್ ಕೊಟ್ಟ ಕೆಲವೇ ಕ್ಷಣಗಳಲ್ಲಿ ಸೈಕ್ಲಿಕ್ ಎಎಂಪಿ, ಅಂದರೆ ಕೋಶದೊಳಗೆ ಸಂದೇಶ ಸಾಗಿಸುವ ಸಣ್ಣ ಅಣು, ಏರುತ್ತಿತ್ತು. ಜೀನ್ ಓದಿ ಪ್ರೋಟೀನ್ ಮಾಡುವಷ್ಟು ಸಮಯವೇ ಅಲ್ಲ ಅದು. ಬೇರೆ ಯಾವುದೋ ಬಾಗಿಲು ಇರಬೇಕು ಅನ್ನುವ ಪ್ರಶ್ನೆ ಆಗಲೇ ಹುಟ್ಟಿತು.

1990ರ ದಶಕದಲ್ಲಿ ಹಲವು ಲ್ಯಾಬ್‌ಗಳಿಗೆ ಒಂದು ಹೊಸ ಜೀನ್ ಸಿಕ್ಕಿತು. ಅದರಿಂದ ಆಗುವುದು ಪೊರೆಯನ್ನು ಏಳು ಸಲ ದಾಟುವ ಪ್ರೋಟೀನ್, ಪೊರೆಯ ಒಳಬದಿಯ ಜಿ-ಪ್ರೋಟೀನ್ ಅನ್ನುವ ಸಂದೇಶವಾಹಕದ ಮೂಲಕ ಕೆಲಸ ಮಾಡುವ ರಿಸೆಪ್ಟರ್‌ಗಳ ಕುಟುಂಬದ್ದು. ಯಾವ ಹಾರ್ಮೋನ್‌ಗೆ ಸೇರಿದ್ದು ಅಂತ ಆಗ ಗೊತ್ತಿರಲಿಲ್ಲ. ಜಿಪಿಆರ್30 ಅಂತ ಹೆಸರು. 2000ದಲ್ಲಿ ಎಡ್ವರ್ಡ್ ಫಿಲಾರ್ಡೊ ತಂಡ ಎಸ್‌ಕೆಬಿಆರ್3 ಅನ್ನುವ ಸ್ತನ ಕ್ಯಾನ್ಸರ್ ಕೋಶಗಳಿಗೆ ಈಸ್ಟ್ರೋಜನ್ ಹಾಕಿ ನೋಡಿತು. ಆ ಕೋಶಗಳಲ್ಲಿ ಆಲ್ಫಾನೂ ಇಲ್ಲ, ಬೀಟಾನೂ ಇಲ್ಲ, ಜಿಪಿಆರ್30 ಇದೆ. ಕೋಶ ನಿಮಿಷಗಳಲ್ಲಿ ಸ್ಪಂದಿಸಿತು. ಜಿಪಿಆರ್30 ಕಡಿಮೆ ಇರುವ ಇನ್ನೊಂದು ಜಾತಿಯ ಕೋಶ ಸ್ಪಂದಿಸಲಿಲ್ಲ. ಅದಕ್ಕೆ ಜಿಪಿಆರ್30 ಸೇರಿಸಿದರು, ಆಗ ಸ್ಪಂದಿಸಿತು. 2005ರಲ್ಲಿ ಎರಡು ಬೇರೆ ತಂಡಗಳು ಈಸ್ಟ್ರೋಜನ್ ಇದಕ್ಕೆ ನೇರವಾಗಿ ಅಂಟುತ್ತದೆ ಅಂತ ತೋರಿಸಿದವು. 2007ರಲ್ಲಿ ಜಿಪಿಇಆರ್ ಅನ್ನುವ ಹೆಸರು ಬಂತು.

ಹುಡುಗ ಹೆದರಿದ್ದು ಮುಂದಿನ ವಾಕ್ಯ ಓದಿ. ಟಾಮೋಕ್ಸಿಫೆನ್ ಆಲ್ಫಾ ರಿಸೆಪ್ಟರ್ ಅನ್ನು ಸ್ತನದಲ್ಲಿ ತಡೆಯುತ್ತದೆ, ಆದರೆ ಜಿಪಿಇಆರ್ ಅನ್ನು ಪ್ರಚೋದಿಸುತ್ತದೆ. ತಡೆಯುವ ಔಷಧಿ ಇಲ್ಲಿ ಕೀಲಿ ತೆಗೆಯುತ್ತದೆ. ಇದು ಒಂದು ಲ್ಯಾಬ್‌ನ ಮಾತಲ್ಲ, ಹಲವು ಕಡೆ ಕಂಡದ್ದು. ಟಾಮೋಕ್ಸಿಫೆನ್‌ಗೆ ಜಗ್ಗದ ಕೋಶಗಳಲ್ಲಿ ಜಿಪಿಇಆರ್ ದಾರಿ ಜೋರಾಗಿರುತ್ತದೆ ಅನ್ನುವ ಪ್ರಯೋಗಗಳೂ ಇವೆ. ಓದಿದ ರಾತ್ರಿಯೇ ಊರಿಗೆ ಫೋನ್ ಮಾಡಿ, ಗುಳಿಗೆ ಬಿಡು ಅಂದಿದ್ದ.

ಮೊದಲ ಯತ್ನ

ಆ ದಿನ ಅಕ್ಕನಿಗೆ ನಾನು ಹೇಳಿದ್ದು ಅಂಕಿಗಳನ್ನು. 2011ರಲ್ಲಿ ಪ್ರಪಂಚದ 20 ಪ್ರಯೋಗಗಳ, 21 ಸಾವಿರಕ್ಕೂ ಹೆಚ್ಚು ಮಹಿಳೆಯರ ಲೆಕ್ಕ ಒಟ್ಟು ಮಾಡಿ ನೋಡಿದರು. ಇಆರ್ ಪಾಸಿಟಿವ್ ಇದ್ದವರಲ್ಲಿ ಟಾಮೋಕ್ಸಿಫೆನ್ ತಗೊಳ್ಳದ ನೂರು ಜನರಲ್ಲಿ 15 ವರ್ಷದೊಳಗೆ ಸುಮಾರು 33 ಜನ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಐದು ವರ್ಷದ ಗುಳಿಗೆ ಕೊಟ್ಟ ಗುಂಪಿನಲ್ಲಿ ಸುಮಾರು 24. ನೂರಕ್ಕೆ ಒಂಬತ್ತು ಜೀವ. ಇಷ್ಟು ಅಗ್ಗದ ಗುಳಿಗೆ ಇಷ್ಟು ಜೀವ ಉಳಿಸುವುದು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಸಾಮಾನ್ಯ ಸಂಗತಿ ಅಲ್ಲ.

ಅಕ್ಕ ತಲೆಯಾಡಿಸಿದರು. ಚೀಟಿ ಬರೆಸಿಕೊಂಡರು. ಎರಡು ವಾರ ಬಿಟ್ಟು ನಮ್ಮ ಸಿಸ್ಟರ್ ಫೋನ್ ಮಾಡಿದಾಗ ಗುಳಿಗೆ ತಂದಿರಲೇ ಇಲ್ಲ. ಓಪಿಡಿಯಲ್ಲಿ ತಲೆಯಾಡಿಸುವುದು ಬೇರೆ, ಮನೆಯಲ್ಲಿ ಮಗನ ಮುಂದೆ ನುಂಗುವುದು ಬೇರೆ. ಅವನನ್ನು ಕರೆಸದೆ ದಾರಿ ಇಲ್ಲ ಅಂತ ಗೊತ್ತಾಯಿತು.

ಇಲ್ಲಿ ನಾವು ಒಂದು ನಿರ್ಧಾರ ಮಾಡಬೇಕಿತ್ತು. ಅವನನ್ನು ಕೂರಿಸಿ ಬೈದು ಕಳಿಸಬಹುದಿತ್ತು. ಸಹೋದ್ಯೋಗಿಯೊಬ್ಬರು ಹಾಗೇ ಹೇಳಿದರು, "ಎಂಎಸ್ಸಿ ಹುಡುಗನ ಹತ್ತಿರ ವಾದ ಏನು" ಅಂತ. ನನಗೆ ಅದು ಸರಿ ಕಾಣಲಿಲ್ಲ. ಅವನು ಓದಿದ್ದು ನಿಜ. ನಿಜವನ್ನು ಸುಳ್ಳು ಅಂದರೆ, ಮುಂದೆ ನಾವು ಹೇಳುವ ಯಾವ ಮಾತನ್ನೂ ಅವನು ನಂಬಬೇಕಾಗಿಲ್ಲ. ಸಂಜೆ ಓಪಿಡಿ ಮುಗಿದ ಮೇಲೆ ಬಾ, ನಿನ್ನ ಪೇಪರ್‌ಗಳನ್ನೂ ತಾ ಅಂತ ಹೇಳಿಕಳಿಸಿದೆ.

ಮಗ ಬಂದ ಸಂಜೆ

ತಾಯಿ ಮಗ ಇಬ್ಬರೂ ಬಂದರು. ಅವನ ಕೈಲಿ ಪ್ರಿಂಟ್ ತೆಗೆದ ಪೇಪರ್‌ಗಳು, ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ. ಮೊದಲು ಅವನೇ ಹೇಳಲಿ ಅಂತ ಬಿಟ್ಟೆ. ಚೆನ್ನಾಗಿ ಹೇಳಿದ. ಪೊರೆಯ ಈ ಕಡೆ ಈಸ್ಟ್ರೋಜನ್ ಅಂಟಿದರೆ ಆ ಕಡೆ ಜಿ-ಪ್ರೋಟೀನ್ ಬಿಡಿಬಿಡಿ ಆಗುತ್ತದೆ, ಸೈಕ್ಲಿಕ್ ಎಎಂಪಿ ಏರುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಪಕ್ಕದಲ್ಲಿರುವ, ಬೆಳವಣಿಗೆಯ ಸಂದೇಶ ಹಿಡಿಯುವ ಇಜಿಎಫ್ ರಿಸೆಪ್ಟರ್ ಎಚ್ಚರವಾಗುತ್ತದೆ, ಕೋಶಕ್ಕೆ ಬೆಳೆ ಅನ್ನುವ ಸಂದೇಶ ಹೋಗುತ್ತದೆ. ಎಲ್ಲ ಸರಿ.

ಅಕ್ಕ ಕಣ್ಣು ಬಿಟ್ಟು ಕೂತಿದ್ದರು. ಅವರಿಗಾಗಿ ನಾನು ಮಗ್ಗದ ಮಾತಲ್ಲಿ ಹೇಳಿದೆ. ಜಕಾರ್ಡ್‌ನ ರಟ್ಟು ಬದಲಿಸಿದರೆ ಸೀರೆಯ ಡಿಸೈನೇ ಬದಲಾಗುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. ಹಳೆಯ ಎರಡು ರಿಸೆಪ್ಟರ್‌ಗಳ ಕೆಲಸ ಅದು. ಲಾಳಿ ಎಸೆದರೆ ಎಳೆ ಆಗಲೇ ಬೀಳುತ್ತದೆ. ಈ ಹೊಸ ರಿಸೆಪ್ಟರ್‌ನ ಕೆಲಸ ಅದು. ಒಂದೇ ಮಗ್ಗ, ಎರಡು ವೇಗ. ಅಕ್ಕನಿಗೆ ಅದು ಹಿಡಿಸಿತು. "ಹಂಗಾದ್ರ ಗುಳಿಗಿ ರಟ್ಟ ಹಿಡಕೋತೈತಿ, ಲಾಳಿ ಬಿಡತೈತಿ ಅಂತೀರಿ" ಅಂದರು. ಮಗನ ಇಡೀ ವಾದ ಅವರ ಒಂದು ಮಾತಲ್ಲಿ ಇತ್ತು.

ನಾನು ಅವನ ಮುಂದೆ ಇಟ್ಟದ್ದು ಅವನು ಓದದೆ ಬಿಟ್ಟ ಇನ್ನರ್ಧ. ಜಿಪಿಇಆರ್ ಕೆಟ್ಟದ್ದು ಅಂತ ಯಾರೂ ಗೆರೆ ಎಳೆದು ಹೇಳಿಲ್ಲ. ರಕ್ತನಾಳಗಳನ್ನು ಸಡಿಲಿಸುವುದರಲ್ಲಿ, ಮೇದೋಜೀರಕದಿಂದ ಇನ್ಸುಲಿನ್ ಬಿಡಿಸುವುದರಲ್ಲಿ ಅದರ ಕೈ ಇದೆ. ಈ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಬೊಜ್ಜು, ಸಕ್ಕರೆಯ ಏರುಪೇರು ಕಂಡ ಪ್ರಯೋಗಗಳಿವೆ. ಬೇರೆ ಬೇರೆ ಲ್ಯಾಬ್‌ಗಳು ಬೆಳೆಸಿದ ಇಂಥ ಇಲಿಗಳು ಒಂದೇ ತರಹ ನಡೆದುಕೊಂಡಿಲ್ಲ ಅನ್ನುವುದೂ ಅಷ್ಟೇ ನಿಜ. 2014ರಲ್ಲಿ ಕೆನಡಾದ ಅಧ್ಯಯನವೊಂದು, ಈ ಜೀನ್‌ನಲ್ಲಿ ಒಂದು ಸಣ್ಣ ವ್ಯತ್ಯಾಸ ಇರುವ ಮಹಿಳೆಯರಲ್ಲಿ ಬಿಪಿ ಜಾಸ್ತಿ ಅಂತ ತೋರಿಸಿತು. ರಿಸೆಪ್ಟರ್ ಸರಿಯಾಗಿ ಕೆಲಸ ಮಾಡದಿದ್ದರೆ ತೊಂದರೆ ಅನ್ನುವ ಕಡೆಗೆ ಅದು ಬೆರಳು ತೋರಿಸುತ್ತದೆ. ಕ್ಯಾನ್ಸರ್‌ನಲ್ಲೂ ಹಾಗೇ. ಸ್ತನದ ಗಂಟಿನಲ್ಲಿ ಜಿಪಿಇಆರ್ ಜಾಸ್ತಿ ಇದ್ದರೆ ಕಾಯಿಲೆ ಜೋರು ಅಂದ ಅಧ್ಯಯನ ಇದೆ, ತದ್ವಿರುದ್ಧ ಹೇಳಿದ್ದೂ ಇದೆ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ನಲ್ಲಂತೂ ಈ ರಿಸೆಪ್ಟರ್ ಅನ್ನು ಪ್ರಚೋದಿಸುವ ಔಷಧಿಯನ್ನೇ ಮನುಷ್ಯರಲ್ಲಿ ಪರೀಕ್ಷೆಗೆ ಹಚ್ಚಿದ್ದಾರೆ. ಹೆಸರು ಎಲ್ಎನ್ಎಸ್8801. ಒಬ್ಬರು ಮುಚ್ಚಬೇಕು ಅನ್ನುವ ಬಾಗಿಲನ್ನು ಇನ್ನೊಬ್ಬರು ತೆರೆದು ಕ್ಯಾನ್ಸರ್ ತಡೆಯಲು ನೋಡುತ್ತಿದ್ದಾರೆ.

ಅವನಿಗೆ ಹೆಚ್ಚು ನಾಟಿದ್ದು ಫುಲ್ವೆಸ್ಟ್ರಂಟ್ ಅನ್ನುವ ಇನ್ನೊಂದು ಸ್ತನ ಕ್ಯಾನ್ಸರ್ ಔಷಧಿಯ ಮಾತು. ಇದೂ ಜಿಪಿಇಆರ್ ಅನ್ನು ಪ್ರಚೋದಿಸುತ್ತದೆ, ಅವನ ಪೇಪರ್‌ನಲ್ಲೇ ಇತ್ತು. ಆದರೂ ಟಾಮೋಕ್ಸಿಫೆನ್ ಸೋತ ಮಹಿಳೆಯರಲ್ಲಿ ಕಾಯಿಲೆಯನ್ನು ಹಿಡಿದು ನಿಲ್ಲಿಸಲು ಅದನ್ನು ಕೊಡುತ್ತೇವೆ, ಕೆಲಸವೂ ಮಾಡುತ್ತದೆ. ಡಿಶ್‌ನಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡ ಪ್ರಚೋದನೆಯೊಂದೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಹಾಗೆ ಆಗಬಾರದಿತ್ತು.

ಡಿಶ್‌ನಲ್ಲಿ ಹಾಕುವ ಡೋಸ್ ಲೆಕ್ಕಕ್ಕೆ ಬಾರದಷ್ಟು ಜಾಸ್ತಿ ಅಂತ ಹೇಳಿ ನಾನು ತಪ್ಪಿಸಿಕೊಳ್ಳಲಿಲ್ಲ. ಅಂಥ ಪ್ರಯೋಗಗಳಲ್ಲಿ ಬಳಸುವ 1 ಮೈಕ್ರೋಮೋಲಾರ್, ಗುಳಿಗೆ ತಗೊಳ್ಳುವವರ ರಕ್ತದಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು. ಬಹಳ ದೂರದ ಮಾತಲ್ಲ. ಅದನ್ನು ಒಪ್ಪಿಕೊಂಡದ್ದು ಒಳ್ಳೆಯದೇ ಆಯಿತು. ಅವನ ಭುಜ ಅಲ್ಲಿಂದಾಚೆ ಸ್ವಲ್ಪ ಸಡಿಲವಾಯಿತು.

ಮಾಡದೇ ಬಿಟ್ಟ ಟೆಸ್ಟ್, ಮಾಡಿಸಿದ ಟೆಸ್ಟ್

"ಹಾಗಾದರೆ ಅಮ್ಮನ ಗಂಟಿನಲ್ಲಿ ಜಿಪಿಇಆರ್ ಎಷ್ಟಿದೆ ಅಂತ ನೋಡಿಬಿಡೋಣ" ಅಂದ. ಆಪರೇಷನ್‌ನಲ್ಲಿ ತೆಗೆದ ಗಂಟಿನ ಮೇಣದ ಬ್ಲಾಕ್ ಇಟ್ಟಿರುತ್ತಾರೆ, ಬಣ್ಣ ಹಾಕಿ ನೋಡಲು ಆಗುತ್ತದೆ. ದುಡ್ಡು ಕೊಟ್ಟರೆ ಮಾಡಿಕೊಡುವ ಲ್ಯಾಬ್ ಹುಡುಕಬಹುದು. ಕೇಳಲು ಸರಳ.

ಮಾಡಿಸಬಾರದು ಅಂತ ಹೇಳಿದೆ. ಆಲ್ಫಾ ರಿಸೆಪ್ಟರ್‌ಗೆ ಇಷ್ಟು ಕೋಶ ಬಣ್ಣ ಹಿಡಿದರೆ ಪಾಸಿಟಿವ್ ಅನ್ನುವ ಒಪ್ಪಿತ ಗೆರೆ ಇದೆ. ಜಿಪಿಇಆರ್‌ಗೆ ಇಲ್ಲ. ಒಂದು ಲ್ಯಾಬ್‌ನ ಆಂಟಿಬಾಡಿ (ರಿಸೆಪ್ಟರ್‌ಗೆ ಅಂಟಿ ಬಣ್ಣ ಹಿಡಿಸುವ ಪ್ರೋಟೀನ್) ಪೊರೆಯಲ್ಲಿ ಬಣ್ಣ ತೋರಿಸಿದರೆ ಇನ್ನೊಂದರದು ಕೋಶದ ಒಳಗೆ ತೋರಿಸುತ್ತದೆ. ಈ ರಿಸೆಪ್ಟರ್ ಹೆಚ್ಚಾಗಿ ಎಲ್ಲಿ ಕೂರುತ್ತದೆ, ಹೊರ ಪೊರೆಯಲ್ಲೋ ಒಳಗಿನ ಜಾಲದ ಪೊರೆಯಲ್ಲೋ ಅನ್ನುವುದರ ಮೇಲೇ ಸಂಶೋಧಕರಲ್ಲಿ ವಾದ ಇದೆ. ಅದಕ್ಕಿಂತ ದೊಡ್ಡ ಮಾತು: ಜಾಸ್ತಿ ಬಂದರೆ ಏನು ಮಾಡುತ್ತೇವೆ? ಕಡಿಮೆ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಚಿಕಿತ್ಸೆ ಒಂದೇ. ಆದರೆ ಜಾಸ್ತಿ ಅಂತ ಬಂದ ಕಾಗದ ಆ ಮನೆಯಲ್ಲಿ ವರ್ಷಗಟ್ಟಲೆ ಭಯ ಹುಟ್ಟಿಸುತ್ತಾ ಕೂರುತ್ತದೆ. ಉತ್ತರ ಬಂದರೂ ಹೆಜ್ಜೆ ಬದಲಾಗದ ಟೆಸ್ಟ್‌ಗೆ ರೋಗಿಯ ದುಡ್ಡು ಹಾಕಿಸಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಬದಲಿಗೆ ಬೇರೆ ಟೆಸ್ಟ್ ಹೇಳಿದೆ. ಎಸ್ಟ್ರಾಡಿಯೋಲ್ (ಅಂಡಾಶಯ ತಯಾರಿಸುವ ಮುಖ್ಯ ಈಸ್ಟ್ರೋಜನ್) ಮತ್ತು ಎಫ್ಎಸ್ಎಚ್ (ಅಂಡಾಶಯವನ್ನು ಎಬ್ಬಿಸುವ ಹಾರ್ಮೋನ್). ಕಾರಣ ಅವನ ಇನ್ನೊಂದು ಪ್ರಶ್ನೆ. ಟಾಮೋಕ್ಸಿಫೆನ್ ಬದಲು ಲೆಟ್ರೋಜೋಲ್ ಕೊಡಬಹುದಲ್ವಾ, ಅದಕ್ಕೆ ಜಿಪಿಇಆರ್ ಗೊಡವೆ ಇಲ್ಲ ಅಂದಿದ್ದ. ಲೆಟ್ರೋಜೋಲ್ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತದೆ. ಮುಟ್ಟು ಪೂರ್ತಿ ನಿಂತವರಿಗೆ ಒಳ್ಳೆಯ ಔಷಧಿ. ಅಂಡಾಶಯ ಇನ್ನೂ ಜೀವಂತ ಇದ್ದವರಿಗೆ ಅದೊಂದನ್ನೇ ಕೊಟ್ಟರೆ ಉಲ್ಟಾ ಹೊಡೆಯುತ್ತದೆ. ಈಸ್ಟ್ರೋಜನ್ ಇಳಿದದ್ದು ಮೆದುಳಿಗೆ ಗೊತ್ತಾಗಿ ಅಂಡಾಶಯವನ್ನು ಇನ್ನೂ ಜೋರಾಗಿ ಎಬ್ಬಿಸುತ್ತದೆ. ಮಕ್ಕಳಾಗದವರಿಗೆ ಅಂಡ ಬಿಡುಗಡೆಗೆ ಇದೇ ಲೆಟ್ರೋಜೋಲ್ ಕೊಡುತ್ತಾರಲ್ಲ, ಅದೇ ಕಾರಣಕ್ಕೆ. ಕೀಮೋದಲ್ಲಿ ಮುಟ್ಟು ನಿಂತ 46-48ರ ಹೆಂಗಸಿನಲ್ಲಿ ಅಂಡಾಶಯ ಸತ್ತಿದೆ ಅಂತ ಮುಟ್ಟು ನೋಡಿ ಹೇಳಲು ಬರುವುದಿಲ್ಲ.

ವರದಿ ಬಂತು. ಎಸ್ಟ್ರಾಡಿಯೋಲ್ ಇನ್ನೂ ಮುಟ್ಟಾಗುವ ವಯಸ್ಸಿನ ಮಟ್ಟದಲ್ಲೇ ಇತ್ತು.

ಆ ಕಾಗದವನ್ನು ನಾನು ಮಗನ ಕಡೆಗೆ ತಳ್ಳಿ ಸುಮ್ಮನಾದೆ. ಅವನೇ ಲೆಕ್ಕ ಮಾಡಿದ. ಗುಳಿಗೆ ನಿಂತಿದೆ. ಅಂಡಾಶಯ ಈಸ್ಟ್ರೋಜನ್ ಸುರಿಸುತ್ತಿದೆ. ಆ ಈಸ್ಟ್ರೋಜನ್ ಜಿಪಿಇಆರ್ ಅನ್ನೂ ಪ್ರಚೋದಿಸುತ್ತದೆ, ತಡೆ ಇಲ್ಲದ ಆಲ್ಫಾವನ್ನೂ ಪ್ರಚೋದಿಸುತ್ತದೆ. ಗುಳಿಗೆ ಬಿಡಿಸಿ ಅವನು ಮುಚ್ಚಬೇಕು ಅಂದುಕೊಂಡ ಬಾಗಿಲು ಮುಚ್ಚಿರಲಿಲ್ಲ, ಮುಚ್ಚಿದ್ದ ಬಾಗಿಲು ತೆರೆದುಕೊಂಡಿತ್ತು. "ಎರಡೂ ಓಪನ್ ಆಗಿದೆ" ಅಂದ. ಗಂಟಲು ಕಟ್ಟಿತ್ತು. ಅವನು ತಾಯಿಗೆ ಕೇಡು ಬಯಸಿದವನಲ್ಲ, ಮುಂದಿನ ಹೆಜ್ಜೆ ಏನು ಅಂತ ನೋಡೋಣ ಅಂದೆ.

ಅಕ್ಕ ಹೇಳಿದ್ದು

ಇಲ್ಲಿಗೆ ಕೆಲಸ ಮುಗಿಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಮಗ ಒಪ್ಪಿದ, ಗುಳಿಗೆ ಶುರು. ಆದರೆ ಈ ಪ್ರಕರಣದ ನಿಜವಾದ ತಿರುವು ಆಮೇಲೆ ಬಂತು.

ಅವನು ತಲೆ ತಗ್ಗಿಸಿ ಕೂತಿದ್ದ. ಅಕ್ಕ ಅವನ ಬೆನ್ನ ಮೇಲೆ ಕೈ ಇಟ್ಟು, "ಅವಂದೇನೂ ತಪ್ಪಿಲ್ಲ ಬಿಡ್ರಿ. ಅವ ಹೇಳೂ ಮುಂಚೇನ ನಾ ದಿನ ಬಿಟ್ಟ ದಿನ ತಗೋತಿದ್ದೆ" ಅಂದರು.

ಮಗನಿಗೂ ಗೊತ್ತಿರಲಿಲ್ಲ. ಯುಗಾದಿ ಹೊತ್ತಿಗೇ ಶುರುವಾಗಿತ್ತು. ರಾತ್ರಿ ಮೂರು ನಾಲ್ಕು ಸಲ ಬೆವರಿ ಏಳುವುದು. ಬೆಳಿಗ್ಗೆ ಮಗ್ಗದ ಮುಂದೆ ಕೂತರೆ ಕಣ್ಣು ಎಳೆಯುವುದು. ಎಳೆ ತಪ್ಪಿ ಒಂದು ಸೀರೆಯ ಅಂಚು ಕೆಟ್ಟಿತ್ತು, ಕೂಲಿ ಕಡಿತ ಆಗಿತ್ತು. ಮದುವೆ ಮನೆಯಲ್ಲಿ ನಾಲ್ಕು ಜನರ ನಡುವೆ ಮುಖ ಕೆಂಪಾಗಿ ಬೆವರು ಇಳಿದು ಎದ್ದು ಹೋಗಬೇಕಾಗಿತ್ತು. ಇದನ್ನೆಲ್ಲ ಯಾರ ಮುಂದೆ ಹೇಳುವುದು, ಜೀವ ಉಳಿದಿದೆಯಲ್ಲ ಅದೇ ದೊಡ್ಡದು ಅಂತ ಸುಮ್ಮನಿದ್ದರು. ಗುಳಿಗೆ ಬಿಟ್ಟ ದಿನಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಯಾಕೆಂದರೆ ಟಾಮೋಕ್ಸಿಫೆನ್ ದೇಹದಿಂದ ಹೋಗಲು ವಾರಗಳು ಬೇಕು. ಆಮೇಲೆ ಮಗ ಫೋನ್ ಮಾಡಿ ಪೂರ್ತಿ ಬಿಡು ಅಂದ. ಅವರಿಗೆ ಅದು ಬಿಡುಗಡೆಯ ಹಾಗೆ ಬಂತು. ಒಂದೂವರೆ ತಿಂಗಳಲ್ಲಿ ನಿದ್ದೆ ಮರಳಿತು.

ನಾವಿಬ್ಬರೂ ರಿಸೆಪ್ಟರ್ ಬಗ್ಗೆ ಮಾತಾಡುತ್ತಿದ್ದಾಗ ಅವರ ತೊಂದರೆ ರಾತ್ರಿಯ ಬೆವರಿನಲ್ಲಿತ್ತು. ಮಗನ ಪೇಪರ್ ಒಂದು ಅನುಮತಿ ಕೊಟ್ಟಿತು ಅಷ್ಟೇ. ಅವನನ್ನು ಒಪ್ಪಿಸಿ ಕಳಿಸಿದ್ದರೆ ಅಕ್ಕ ಮತ್ತೆ ದಿನ ಬಿಟ್ಟು ದಿನ ತಗೊಳ್ಳುತ್ತಿದ್ದರು, ಈ ಸಲ ಯಾರಿಗೂ ಹೇಳದೆ.

ಏನು ಮಾಡಿದೆವು

ದಾರಿ ಎರಡಿತ್ತು. ಅಂಡಾಶಯವನ್ನು ಇಂಜೆಕ್ಷನ್‌ನಿಂದ ಮಲಗಿಸಿ ಜೊತೆಗೆ ಲೆಟ್ರೋಜೋಲ್ ತರಹದ ಗುಳಿಗೆ ಕೊಡುವುದು. ಗ್ರಂಥಿಗೆ ಹರಡಿದ, ಕೀಮೋ ಬೇಕಾದ ಮಹಿಳೆಯರಲ್ಲಿ ಇದರಿಂದ ಕಾಯಿಲೆ ಮರಳುವುದು ಇನ್ನೂ ಕಡಿಮೆ ಆಗುತ್ತದೆ ಅನ್ನುವ ಪುರಾವೆ ಇದೆ. ಅಕ್ಕನ ಮುಂದೆ ಅದನ್ನು ಮುಚ್ಚಿಡಲಿಲ್ಲ. ಆದರೆ ತಿಂಗಳು ತಿಂಗಳು ಇಂಜೆಕ್ಷನ್, ಅದರ ಖರ್ಚು, ಮೂಳೆ ಸವೆತ, ಕೀಲು ನೋವು. ದಿನವಿಡೀ ಕೈಕಾಲು ಆಡಿಸುವ ನೇಕಾರರಿಗೆ ಕೀಲು ನೋವು ಅಂದರೆ ಸಂಪಾದನೆಯ ಪ್ರಶ್ನೆ. ಬಿಸಿ ಬೆವರೂ ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗಬಹುದು. ಇನ್ನೊಂದು ದಾರಿ ಟಾಮೋಕ್ಸಿಫೆನ್‌ಗೇ ಮರಳಿ, ಬಿಸಿಗೆ ಚಿಕಿತ್ಸೆ ಕೊಡುವುದು. ಎರಡು ದಿನ ಯೋಚನೆ ಮಾಡಿ ಬರುತ್ತೇನೆ ಅಂದರು. ಬಂದು ಹೇಳಿದರು: "ನಿದ್ದಿ ಕೊಡ್ರಿ, ಗುಳಿಗಿ ನಾ ತಗೋತೀನಿ."

ಬಿಸಿಗೆ ವೆನ್ಲಾಫ್ಯಾಕ್ಸಿನ್ ಕಡಿಮೆ ಡೋಸ್‌ನಲ್ಲಿ ಶುರು ಮಾಡಿದೆವು. ಇದು ಖಿನ್ನತೆಯ ಔಷಧಿ, ಸಣ್ಣ ಪ್ರಮಾಣದಲ್ಲಿ ಬಿಸಿ ಬೆವರನ್ನು ಇಳಿಸುತ್ತದೆ. ಇದೇ ಕೆಲಸಕ್ಕೆ ಪ್ಯಾರಾಕ್ಸೆಟಿನ್ ಕೂಡ ಇದೆ. ಅದನ್ನು ಯಾಕೆ ಕೊಡಬಾರದು ಅಂತ ಮಗನಿಗೇ ಕೇಳಿದೆ. ಎರಡು ದಿನದಲ್ಲಿ ಉತ್ತರ ತಂದ. ಟಾಮೋಕ್ಸಿಫೆನ್ ಲಿವರ್‌ನಲ್ಲಿ ಸಿವೈಪಿ2ಡಿ6 ಅನ್ನುವ ಕಿಣ್ವದಿಂದ ಎಂಡಾಕ್ಸಿಫೆನ್ ಆಗಿ ಬದಲಾದಾಗಲೇ ಅದಕ್ಕೆ ಪೂರ್ತಿ ಬಲ, ಪ್ಯಾರಾಕ್ಸೆಟಿನ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸರಿಯಾದ ಉತ್ತರ. ಬೇರೆ ಡಾಕ್ಟರ್ ಹತ್ತಿರ ಹೋದಾಗ ತೋರಿಸಲು ಟಾಮೋಕ್ಸಿಫೆನ್ ಜೊತೆ ಬೇಡವಾದ ಔಷಧಿಗಳ ಪಟ್ಟಿಯನ್ನು ತಾನೇ ಬರೆದು, ನನಗೆ ತೋರಿಸಿ, ತಾಯಿಯ ಫೈಲಿನ ಮೊದಲ ಪುಟಕ್ಕೆ ಅಂಟಿಸಿದ.

ಅಗಸಿ ಹಿಂಡಿ ಅಟ್ಟದಿಂದ ಇಳಿಯಿತು. ಅಗಸೆಯಲ್ಲಿ ಲಿಗ್ನಾನ್, ಸೋಯಾದಲ್ಲಿ ಜೆನಿಸ್ಟೀನ್, ಎರಡೂ ಈಸ್ಟ್ರೋಜನ್‌ನ ದೂರದ ಚಹರೆ ಇರುವ ಸಸ್ಯದ ವಸ್ತುಗಳು. ಜೆನಿಸ್ಟೀನ್ ಡಿಶ್‌ನಲ್ಲಿ ಜಿಪಿಇಆರ್ ಅನ್ನು ಪ್ರಚೋದಿಸುತ್ತದೆ ಅನ್ನುವುದೂ ಹೌದು. ಆದರೆ 2009ರಲ್ಲಿ ಶಾಂಘೈನ ಸಾವಿರಾರು ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಸೋಯಾ ಆಹಾರ ಜಾಸ್ತಿ ತಿಂದವರಲ್ಲಿ ಕಾಯಿಲೆ ಮರಳಿದ್ದು ಕಡಿಮೆಯೇ. ರೊಟ್ಟಿ ಜೊತೆ ಒಂದೆರಡು ಚಮಚ ಹಿಂಡಿಗೆ ಹೆದರಬೇಕಿಲ್ಲ. ಕ್ಯಾಪ್ಸೂಲ್, ಪೌಡರ್ ಅಂತ ಗಟ್ಟಿ ಮಾಡಿ ಮಾರುವುದು ಮಾತ್ರ ಬೇಡ ಅಂದೆವು.

ನಂತರ

ಬಿಸಿ ಪೂರ್ತಿ ಹೋಗಲಿಲ್ಲ. ರಾತ್ರಿ ಒಂದು ಸಲ ಏಳುತ್ತಾರೆ, ಮೊದಲಿನ ಹಾಗೆ ಅಲ್ಲ. ವೆನ್ಲಾಫ್ಯಾಕ್ಸಿನ್ ಶುರುವಿನಲ್ಲಿ ವಾಕರಿಕೆ ಕೊಟ್ಟಿತು, ಊಟದ ಜೊತೆ ತಗೊಂಡ ಮೇಲೆ ಕಡಿಮೆ ಆಯಿತು. ಅಂಗಡಿ ಚೀಟಿಗಳು ತಿಂಗಳು ತಪ್ಪದೆ ಫೈಲಿನಲ್ಲಿವೆ.

ಗುಳಿಗೆ ಮತ್ತೆ ಶುರುವಾಗಿ ಕೆಲ ತಿಂಗಳಿಗೆ ಅಕ್ಕನಿಗೆ ರಕ್ತದ ಕಲೆ ಕಂಡಿತು. ಮುಟ್ಟು ಮರಳಿದ್ದೂ ಇರಬಹುದಿತ್ತು. ಆದರೆ ಟಾಮೋಕ್ಸಿಫೆನ್ ಸ್ತನದಲ್ಲಿ ತಡೆಯುವ ಔಷಧಿಯಾದರೂ ಗರ್ಭಕೋಶದ ಒಳಪದರವನ್ನು ಬೆಳೆಸಬಲ್ಲದು. ಜಿಪಿಇಆರ್ ಸಿಗುವ ಮುಂಚಿನಿಂದಲೂ ವೈದ್ಯರಿಗೆ ಗೊತ್ತಿದ್ದ ಮಾತು ಇದು. ಅಲ್ಲಿ ಮುಖ್ಯ ಪಾತ್ರ ಆಲ್ಫಾದ್ದು. ಜಿಪಿಇಆರ್ ಪಾಲೂ ಇದೆಯೇ ಅಂತ ಸಂಶೋಧಕರು ನೋಡುತ್ತಿದ್ದಾರೆ. ಒಂದೇ ಗುಳಿಗೆ ಒಂದು ಅಂಗದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಮಾಡಬಹುದು ಅನ್ನುವ ಹುಡುಗನ ಅನುಮಾನಕ್ಕೆ ಬುಡವೇ ಇರಲಿಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ರಕ್ತ ಕಂಡರೆ ಕಾಯಬೇಡಿ ಅಂತ ಮೊದಲೇ ಬರೆದುಕೊಟ್ಟಿದ್ದೆವು. ಮಗ ಮರುದಿನ ಬೆಳಗಿನ ಗಾಡಿಗೇ ತಾಯಿಯನ್ನು ಕರೆದುಕೊಂಡು ಬಂದ. ಈ ಸಲ ಗುಳಿಗೆ ನಿಲ್ಲಿಸಿ ಬಂದಿರಲಿಲ್ಲ, ನಿಲ್ಲಿಸಬೇಕೇ ಅಂತ ಕೇಳಿದ. ಸ್ಕ್ಯಾನ್‌ನಲ್ಲಿ ಪದರ ದಪ್ಪ ಕಂಡಿತು. ಒಳಗೆ ಒಂದು ಪಾಲಿಪ್ ಇತ್ತು, ತೆಗೆದೆವು. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಟಾಮೋಕ್ಸಿಫೆನ್ ಮುಂದುವರಿಯಿತು.

ಈಗ ಅಕ್ಕನಿಗೆ ಕಾಯಿಲೆ ಮರಳಿದ ಯಾವ ಗುರುತೂ ಇಲ್ಲ. ಅದು ಗುಳಿಗೆಯಿಂದಲೇ ಅಂತ ಒಬ್ಬರನ್ನು ನೋಡಿ ಹೇಳಲು ಬರುವುದಿಲ್ಲ, ಗುಳಿಗೆ ಬಿಟ್ಟ ಆ ತಿಂಗಳುಗಳ ಲೆಕ್ಕವೂ ಇನ್ನೂ ಚುಕ್ತಾ ಆಗಿಲ್ಲ. ಇಂಥ ಕ್ಯಾನ್ಸರ್ ಹತ್ತು ಹದಿನೈದು ವರ್ಷದ ಮೇಲೂ ಮರಳುತ್ತದೆ. ಜಿಪಿಇಆರ್ ನೋಡಿ ನಾನು ಟಾಮೋಕ್ಸಿಫೆನ್ ನಿಲ್ಲಿಸುವ ದಿನ ಬರಬಹುದು. ಅದಕ್ಕೆ ಎಲ್ಲ ಲ್ಯಾಬ್‌ನಲ್ಲೂ ಒಂದೇ ಉತ್ತರ ಕೊಡುವ ಟೆಸ್ಟ್ ಬೇಕು, ಆ ಟೆಸ್ಟ್ ನೋಡಿ ಔಷಧಿ ಬದಲಿಸಿದ ಮಹಿಳೆಯರು ಜಾಸ್ತಿ ಬದುಕಿದರು ಅಂತ ತೋರಿಸುವ ಪ್ರಯೋಗ ಬೇಕು. ಅಲ್ಲಿಯವರೆಗೆ ಇಲ್ಲ.

ನಮ್ಮ ಓಪಿಡಿಯಲ್ಲಿ ಒಂದು ಬದಲಾವಣೆ ಆಯಿತು. "ಗುಳಿಗೆ ತಗೋತಿದ್ದೀರಾ" ಅನ್ನುವ ಪ್ರಶ್ನೆ ಬಿಟ್ಟೆವು, ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. "ಈ ತಿಂಗಳು ಎಷ್ಟು ದಿನ ತಪ್ಪಿತು, ರಾತ್ರಿ ನಿದ್ದೆ ಹೇಗಿದೆ" ಅಂತ ಕೇಳುತ್ತೇವೆ. ಮೊದಲೆಲ್ಲ ತಪ್ಪಿಲ್ಲ ಅನ್ನುತ್ತಿದ್ದ ಎಷ್ಟೋ ಜನ ಈಗ ಬೆರಳು ಮಡಚಿ ಎಣಿಸುತ್ತಾರೆ.

ಐದು ವರ್ಷ ತುಂಬಿದಾಗ ಅಕ್ಕನ ಮುಂದೆ ಇನ್ನೊಂದು ನಿರ್ಧಾರ ಇದೆ. 2013ರಲ್ಲಿ ಅಟ್ಲಾಸ್ ಅನ್ನುವ ದೊಡ್ಡ ಪ್ರಯೋಗ, ಐದರ ಬದಲು ಹತ್ತು ವರ್ಷ ತಗೊಂಡರೆ ಕಾಯಿಲೆ ಮರಳುವುದೂ ಸಾವೂ ಇನ್ನೂ ಕಡಿಮೆ ಅಂತ ತೋರಿಸಿತು, ಗರ್ಭಕೋಶದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಅಂತಲೂ ತೋರಿಸಿತು. ಪಾಲಿಪ್ ತೆಗೆಸಿಕೊಂಡವರಿಗೆ ಆ ತೂಕ ಹೇಗೆ ಬೀಳುತ್ತದೆ, ಅಷ್ಟರಲ್ಲಿ ಅಂಡಾಶಯ ತಾನಾಗೇ ನಿಂತಿದ್ದರೆ ಲೆಟ್ರೋಜೋಲ್‌ಗೆ ಬದಲಿಸುವುದೇ ವಾಸಿಯೇ, ಇವನ್ನು ಆಗಿನ ವರದಿ ನೋಡಿ ಮೂವರೂ ಕೂತು ಮಾತಾಡಬೇಕು. ಮಗ ಈಗಲೇ ಓದಲು ಶುರು ಮಾಡಿದ್ದಾನೆ. ಓದಿದ್ದನ್ನು ಮೊದಲು ನನಗೆ ಕಳಿಸುತ್ತಾನೆ, ಆಮೇಲೆ ತಾಯಿಗೆ ಹೇಳುತ್ತಾನೆ.